11 ವರ್ಷದ ಹುಡುಗಿಗೆ ಬ್ಯಾಲೆ ಪಾಯಿಂಟ್ ಶೂ ಈಗಲೇ ಕೊಡಿಸಬಹುದೇ? ಭರತನಾಟ್ಯವೂ ನಡೆಯುತ್ತಿದೆ

ನಟ್ಟುವಾಂಗ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಭರತನಾಟ್ಯ ಕಲಿಯುವ ಹುಡುಗಿಯೊಬ್ಬಳಿಗೆ ಈಗ 11 ವರ್ಷ. ಇಲ್ಲಿ ಐದು ವರ್ಷದ ಪಾಠ ಆಗಿದೆ, ಅರೆಮಂಡಿ ಗಟ್ಟಿ. ಎರಡು ವರ್ಷದಿಂದ ವಾರಕ್ಕೊಂದು ಸಲ ಬ್ಯಾಲೆ ತರಗತಿಗೂ ಹೋಗುತ್ತಾಳೆ. ಮನೆಯವರು ಈಗ ಆನ್‌ಲೈನಿನಲ್ಲಿ ಪಾಯಿಂಟ್ ಶೂ (ಬೆರಳ ತುದಿಯ ಮೇಲೆ ನಿಂತು ಕುಣಿಯಲು ಬಳಸುವ ಗಟ್ಟಿ ಮೂತಿಯ ಬ್ಯಾಲೆ ಶೂ) ತರಿಸಲು ಹೊರಟಿದ್ದಾರೆ, ಬೆಳೆಯೋ ಮಗು ಅಂತ ಒಂದು ಸೈಜ್ ದೊಡ್ಡದೇ. ಮನೆಯ ಟೈಲ್ಸ್ ನೆಲದ ಮೇಲೆ ವಿಡಿಯೊ ನೋಡಿಕೊಂಡು ಅಭ್ಯಾಸ ಮಾಡಿಸುವ ಯೋಚನೆ.

ಶೂ ಮೂತಿಯೊಳಗೆ ಮರದ ತುಂಡು ಇರುತ್ತದೆ, ಅದರ ಮೇಲೆ ನಿಂತರಾಯಿತು ಅನ್ನುತ್ತಾರೆ, ನಿಜವೇ? ವಯಸ್ಸಿನ ಲೆಕ್ಕ ಹೇಗೆ? ಅರೆಮಂಡಿಯಲ್ಲಿ ಮಂಡಿ ಹೊರಕ್ಕೆ ತೆರೆದು ರೂಢಿಯಿರುವವಳಿಗೆ ಬ್ಯಾಲೆಯಲ್ಲಿ ಅರ್ಧ ದಾರಿ ಕಳೆದಂತೆಯೇ? ಇನ್ನೊಂದು ನನ್ನದೇ ಕುತೂಹಲ: ‘ಸ್ವಾನ್ ಲೇಕ್’ ಬ್ಯಾಲೆಯಲ್ಲಿ ಒಂದೇ ಕಾಲಿನ ಮೇಲೆ 32 ಸುತ್ತು ಹಾಕುವಾಗ ನರ್ತಕಿ ನಿಂತ ಜಾಗ ಬಿಟ್ಟು ಕದಲದೇ ಇರುವುದು ಹೇಗೆ?

ಬಾರ್_ಪಕ್ಕ

ಮೊದಲು ಆ ಆರ್ಡರ್ ನಿಲ್ಲಿಸಲು ಹೇಳಿ. ಮಿಕ್ಕಿದ್ದು ಆಮೇಲೆ.

ಶೂನೊಳಗೆ ಮರವೂ ಇಲ್ಲ, ಕಬ್ಬಿಣವೂ ಇಲ್ಲ. ಗಟ್ಟಿ ಮೂತಿಗೆ ಬಾಕ್ಸ್ ಎಂದು ಹೆಸರು. ಸಾಂಪ್ರದಾಯಿಕ ಶೂನಲ್ಲಿ ಅದು ಗೋಣಿ ಬಟ್ಟೆ, ಕಾಗದ, ಹತ್ತಿ ಬಟ್ಟೆಯ ಪದರಗಳಿಗೆ ಹಿಟ್ಟಿನ ಅಂಟು ಬಳಿದು ಒಣಗಿಸಿದ್ದು, ಅಷ್ಟೇ. ಗೋಡೆಗೆ ಪೋಸ್ಟರ್ ಹಚ್ಚುವ ಮೈದಾ ಅಂಟು ಒಣಗಿದ ಮೇಲೆ ಎಷ್ಟು ಗಟ್ಟಿಯಾಗುತ್ತದೆ ನೋಡಿದ್ದೀರಲ್ಲ, ಅದೇ ಬಳಗ. ಶೂವನ್ನು ಒಳಮೈ ಹೊರಗಾಗಿ ಅಚ್ಚಿಗೆ ಹಾಕಿ ಕಟ್ಟಿ, ಹೊಲಿದು, ಮಗುಚಿ, ಮೂತಿಯನ್ನು ಸುತ್ತಿಗೆಯಿಂದ ತಟ್ಟಿ ಆಕಾರಕ್ಕೆ ತಂದು, ರಾತ್ರಿಯಿಡೀ ಬಿಸಿ ಗೂಡಿನಲ್ಲಿ ಇಡುತ್ತಾರೆ. ಲಂಡನ್ನಿನಲ್ಲಿ 1929ರಲ್ಲಿ ಶುರುವಾದ ಫ್ರೀಡ್ ಕಂಪನಿಯಲ್ಲಿ ಇಂದಿಗೂ ಕೈಕೆಲಸವೇ ಹೆಚ್ಚು. ಅಲ್ಲಿ ಒಬ್ಬೊಬ್ಬ ಕುಶಲಕರ್ಮಿಗೂ ಒಂದೊಂದು ಗುರುತು, ಮೀನು, ಕಿರೀಟ, ಹೀಗೆ. ಅದನ್ನು ಅಟ್ಟೆಯ ಮೇಲೆ ಒತ್ತಿರುತ್ತಾರೆ. ದೊಡ್ಡ ನರ್ತಕಿಯರು ಒಬ್ಬನ ಗುರುತು ಹಿಡಿದು ವರ್ಷಗಟ್ಟಲೆ ಅವನ ಕೈಯದ್ದನ್ನೇ ತರಿಸಿಕೊಳ್ಳುತ್ತಾರೆ. ಗೇನರ್ ಮಿಂಡೆನ್ ಥರದ ಹೊಸ ಶೂಗಳಲ್ಲಿ ಅಂಟಿನ ಬದಲು ಪ್ಲಾಸ್ಟಿಕ್ ಜಾತಿಯ ವಸ್ತು ಇರುತ್ತದೆ, ಅವು ಬೇಗ ಮೆತ್ತಗಾಗುವುದಿಲ್ಲ.

ಮೂತಿಯ ಚಪ್ಪಟೆ ತುದಿ ಪ್ಲಾಟ್‌ಫಾರ್ಮ್. ಅಂಗಾಲಿನ ಕೆಳಗೆ ಉದ್ದಕ್ಕೂ ಇರುವ ಗಟ್ಟಿ ಪಟ್ಟಿ ಶ್ಯಾಂಕ್. ಬೆರಳುಗಳ ಮೇಲಿನ ಮುಚ್ಚಿಗೆ ವ್ಯಾಂಪ್. ಜನ ತಪ್ಪು ತಿಳಿಯುವುದು ಇಲ್ಲೇ: ಮೈಭಾರವೆಲ್ಲ ಬೆರಳ ತುದಿಗೆ ಬೀಳಬಾರದು. ಆಲಿಕೆಯೊಳಗೆ ಇಳಿದಂತೆ ಪಾದದ ಮುಂಭಾಗವನ್ನು ಬಾಕ್ಸ್ ಸುತ್ತಲಿಂದ ಬಿಗಿಹಿಡಿದಿರಬೇಕು, ಕಮಾನನ್ನು ಶ್ಯಾಂಕ್ ಕೆಳಗಿನಿಂದ ಎತ್ತಿಕೊಡಬೇಕು. ಹಾಗಿದ್ದರೇ ಭಾರ ಹಂಚಿಹೋಗುತ್ತದೆ.

ಒಂದು ಸೈಜ್ ದೊಡ್ಡದು ಕೊಂಡರೆ ಬಿಗಿಹಿಡಿಯುವುದೇ ಇಲ್ಲ. ಪಾದ ಸರ್ರನೆ ಜಾರಿ ಹೆಬ್ಬೆರಳಿನ ಉಗುರು ಪ್ಲಾಟ್‌ಫಾರ್ಮಿಗೆ ಗುದ್ದುತ್ತದೆ. ಉಗುರು ಕಪ್ಪಾಗುವುದು, ಬೊಬ್ಬೆ ಏಳುವುದು, ಹಿಮ್ಮಡಿಯ ಸ್ಯಾಟಿನ್ ಚೀಲದ ಹಾಗೆ ಜೋಲುವುದು ಎಲ್ಲಕ್ಕೂ ಇದೇ ಕಾರಣ. ಒಳಗೆ ಸ್ಪಂಜು ತುರುಕಿ ಸರಿಮಾಡಲು ಹೋದರೆ ಕಾಲಿಗೆ ನೆಲದ ಸುಳಿವೇ ಸಿಗದು. ಅಳತೆ ಹೀಗಿರಬೇಕು: ಚಪ್ಪಟೆ ನಿಂತಾಗ ಬೆರಳುಗಳು ಮಡಚದೆ ನೀಳವಾಗಿ ತುದಿಯನ್ನು ಮುಟ್ಟುತ್ತಿರಬೇಕು, ತುದಿಗಾಲಿಗೆ ಏರಿದಾಗ ಹಿಮ್ಮಡಿಯಲ್ಲಿ ಒಂದು ಚಿಟಿಕೆ ಬಟ್ಟೆ ಮಾತ್ರ ಕೈಗೆ ಸಿಗಬೇಕು. ವ್ಯಾಂಪ್ ಬೆರಳಿನ ಬುಡದ ಗಿಣ್ಣುಗಳನ್ನು ಮುಚ್ಚಬೇಕು. ಗಿಡ್ಡವಾದರೆ ಪಾದ ಮುಂದಕ್ಕೆ ಮುಗ್ಗರಿಸುತ್ತದೆ, ಉದ್ದವಾದರೆ ಅರ್ಧ ತುದಿಗಾಲಿಗೆ ಬಾಗುವುದಿಲ್ಲ. ಶ್ಯಾಂಕ್ ಅತಿ ಗಟ್ಟಿಯಿದ್ದರೆ ಹುಡುಗಿ ಪ್ಲಾಟ್‌ಫಾರ್ಮಿನ ಹಿಂದಂಚಿನಲ್ಲೇ ಸಿಕ್ಕಿಕೊಂಡು ಮಂಡಿ ಬಗ್ಗಿಸಿ ನಿಲ್ಲುತ್ತಾಳೆ. ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದವಿದ್ದರೆ ಬೇರೆಯದೇ ಬಾಕ್ಸ್ ಬೇಕು. ಇದ್ಯಾವುದೂ ಆನ್‌ಲೈನ್ ಸೈಜ್ ಚಾರ್ಟಿನಲ್ಲಿ ಸಿಗುವುದಿಲ್ಲ. ಮೊದಲ ಜೊತೆಯನ್ನು ಟೀಚರ್ ಎದುರಿಗೇ ಹಾಕಿ ನೋಡಬೇಕು.

ಪೂರ್ಣಾವಧಿಯ ಒಂದು ಪ್ರದರ್ಶನದಲ್ಲೇ ವೃತ್ತಿಪರ ನರ್ತಕಿ ಒಂದು ಜೊತೆ ಮುಗಿಸಿಬಿಡುವುದುಂಟು. ಬೆವರಿಗೆ ಅಂಟು ಕರಗಿ ಬಾಕ್ಸ್ ಮೆತ್ತಗಾಗುತ್ತದೆ. ಮೆತ್ತಗಾದ ಮೇಲೂ ಆ ಅಂಕ ಮುಗಿಸುತ್ತಾಳಲ್ಲ, ನಿಲ್ಲಿಸುತ್ತಿರುವುದು ಶೂ ಅಲ್ಲ.

ಮೂಳೆ_ಮಾತು

ಮೇಲಿನ ಉತ್ತರಕ್ಕೆ ದೇಹದ ಕಡೆಯ ಮಾತು ಸೇರಿಸುತ್ತೇನೆ.

‘12 ಆದರೆ ಸರಿ’ ಅನ್ನುವುದು ಬಾಯಿಲೆಕ್ಕ. ಬೆಳೆಯುವ ಮಕ್ಕಳ ಮೂಳೆಗಳ ತುದಿಯಲ್ಲಿ ಮೃದ್ವಸ್ಥಿಯ ಬೆಳವಣಿಗೆ ಪಟ್ಟಿಗಳಿರುತ್ತವೆ, ಪಾದದಲ್ಲಿ ಅವು ಹದಿಹರೆಯದ ನಡುವಿನ ತನಕ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಅದಕ್ಕೇ ಕಾಯುವುದಾದರೆ 12ಕ್ಕೂ ಯಾರೂ ಶುರುಮಾಡುವಂತಿಲ್ಲ. ಹಾಗಾಗಿ ನೋಡಬೇಕಾದ್ದು ಬಲ, ಹಿಡಿತ ಮತ್ತು ಪಾಠದ ವರ್ಷ. ನೃತ್ಯ ವೈದ್ಯಕೀಯದ ಅಂತಾರಾಷ್ಟ್ರೀಯ ಸಂಘ ಐಎಡಿಎಂಎಸ್ ಕೊಟ್ಟ ಸೂಚನೆಯ ಸಾರ ಇದು: ಎಂಟು ವರ್ಷಕ್ಕೋ ಅದರ ನಂತರವೋ ಕಲಿಕೆ ಶುರುವಾಗಿ, ವಾರಕ್ಕೆ ಕನಿಷ್ಠ ಎರಡು ತರಗತಿ ನಡೆದಿದ್ದು, ಪಾದ, ಕಾಲಿನ ಹರಡು (ಆ್ಯಂಕಲ್), ನಡುವಿನಲ್ಲಿ ದೌರ್ಬಲ್ಯ ಇಲ್ಲದಿದ್ದರೆ ನಾಲ್ಕನೇ ವರ್ಷದಲ್ಲಿ ತುದಿಗಾಲ ಪಾಠ ಕೊಡಬಹುದು. ವಾರಕ್ಕೊಂದೇ ತರಗತಿಯವರಿಗೆ ಬೇಡವೆಂದೇ ಹೇಳುತ್ತದೆ. ನಿಮ್ಮ ಶಿಷ್ಯೆಯದು ಎರಡೇ ವರ್ಷ, ಅದೂ ವಾರಕ್ಕೊಂದು.

ಶೂ ಇಲ್ಲದೆಯೇ ನೋಡಬಹುದಾದ ಪರೀಕ್ಷೆಗಳಿವೆ. ಕಾಲು ಚಾಚಿ ಕೂತು ಪಾದವನ್ನು ಪೂರ್ತಿ ಕೆಳಕ್ಕೆ ಚಾಚಿದಾಗ ಮಂಡಿಯ ಕೆಳಗಿನ ಮುಂಮೂಳೆಯೂ ಪಾದದ ಮೇಲ್ಭಾಗವೂ ಒಂದೇ ಗೆರೆಗೆ ಬರಬೇಕು. ಬಾರದಿದ್ದರೆ ಪ್ಲಾಟ್‌ಫಾರ್ಮಿನ ಮೇಲೆ ನೇರ ನಿಲ್ಲುವುದೇ ಆಗದು, ಮಂಡಿ ಬಗ್ಗಿಸಿ ಅಥವಾ ನಡು ಹಿಂದಕ್ಕೆ ತಳ್ಳಿ ಕಳ್ಳದಾರಿ ಹುಡುಕುತ್ತಾಳೆ. ಎರಡನೆಯದು ವಿಮಾನ ಪರೀಕ್ಷೆ: ಒಂಟಿಕಾಲಲ್ಲಿ ನಿಂತು, ಇನ್ನೊಂದು ಕಾಲನ್ನು ಹಿಂದಕ್ಕೆ ಚಾಚಿ, ಮೈಯನ್ನು ನೆಲಕ್ಕೆ ಸಮಾಂತರ ಬಾಗಿಸಿ, ನಿಂತ ಮಂಡಿಯನ್ನು ಮಡಚುತ್ತಾ ಕೈಗಳನ್ನು ನೆಲದ ಕಡೆ ಇಳಿಸಿ ಏಳಬೇಕು. ಐದರಲ್ಲಿ ನಾಲ್ಕು ಸಲವಾದರೂ ಸೊಂಟ ವಾಲಬಾರದು, ಮಂಡಿ ಒಳಕ್ಕೆ ಬೀಳಬಾರದು. ಮೂರನೆಯದು ಒಂಟಿಕಾಲಲ್ಲಿ ಸತತ 16 ಜಿಗಿತ, ಕನಿಷ್ಠ ಎಂಟರಲ್ಲಿ ಮೈ ನೆಟ್ಟಗಿದ್ದು, ಗಾಳಿಯಲ್ಲಿ ಪಾದ ಚಾಚಿ, ಬೆರಳು, ಅಂಗಾಲು, ಹಿಮ್ಮಡಿ ಅನ್ನುವ ಕ್ರಮದಲ್ಲಿ ಇಳಿಯಬೇಕು. ಇವುಗಳ ಜೊತೆಗೆ ತೂಗಾಡದೆ ಒಂದು ಚೊಕ್ಕ ಪಿರುಎಟ್ (ಒಂಟಿಕಾಲ ಸುತ್ತು), ಮತ್ತೆ ಒಂಟಿಕಾಲಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು ಸುಮಾರು 20 ಸಲ.

ಪಾದ ಚಾಚಿದಾಗ ಹರಡಿನ ಹಿಂದೆ ಚುಚ್ಚಿದಂತೆ ನೋವು ಬಂದರೆ ‘ಸ್ಟ್ರೆಚ್ ಮಾಡು, ಹೋಗುತ್ತೆ’ ಅಂತ ಬಿಡಬೇಡಿ. ಕೆಲವರಿಗೆ ಅಲ್ಲಿ ಓಸ್ ಟ್ರೈಗೋನಮ್ ಅನ್ನುವ ಹೆಚ್ಚುವರಿ ಮೂಳೆ ಇರುತ್ತದೆ, ಚಾಚಿದಷ್ಟೂ ಅದು ಅಡಕತ್ತರಿಗೆ ಸಿಕ್ಕಿದಂತೆ ಹಿಸುಕಿಕೊಳ್ಳುತ್ತದೆ. ಇನ್ನೊಂದು ವಿಷಯ, ಈ ವಯಸ್ಸಿನಲ್ಲಿ ಹುಡುಗಿಯರು ದಿಢೀರನೆ ಎತ್ತರ ಆಗುತ್ತಾರೆ. ಮೂಳೆ ಉದ್ದವಾದ ವೇಗಕ್ಕೆ ಸ್ನಾಯು ಹೊಂದಿಕೊಳ್ಳುವ ತನಕ ಕೆಲವು ತಿಂಗಳು ಸಮತೋಲ ಕೆಡುತ್ತದೆ. ಆಗ ಮೊದಲು ಪಾಸಾದವಳಿಗೂ ತುದಿಗಾಲ ಪಾಠ ಕಡಿಮೆ ಮಾಡಬೇಕು.

ಬಾರ್_ಪಕ್ಕ

ಒಂದೇ ಒಂದು ತಕರಾರು. ಈ ಪರೀಕ್ಷೆಗಳನ್ನು ತರಗತಿಯ ಮೊದಲಿಗೆ ಮಾಡಿಸಿ ಪಾಸು ಅನ್ನಬೇಡಿ. ಹೊಸಬರಿಗೆ ಪಾಯಿಂಟ್ ಕೆಲಸ ಬರುವುದು ತರಗತಿಯ ಕಡೆಯ 10–15 ನಿಮಿಷದಲ್ಲಿ, ಮೀನಖಂಡ ದಣಿದ ಮೇಲೆ. ಪರೀಕ್ಷೆಯೂ ಆಗಲೇ ಆಗಬೇಕು.

ಆ 15 ನಿಮಿಷವೂ ತಿಂಗಳುಗಟ್ಟಲೆ ಅಡ್ಡ ಹಿಡಿಕಂಬಿಯಾದ ಬಾರ್‌ಗೆ ಮುಖಮಾಡಿ, ಎರಡೂ ಕೈ ಹಿಡಿದು: ಎರಡು ಕಾಲಿನ ರೆಲವೆ (ತುದಿಗಾಲಿಗೆ ಏರುವುದು), ಎಶಪೆ (ಪಾದಗಳನ್ನು ಅಗಲಿಸಿ ಏರುವುದು), ಪುಟ್ಟ ಹೆಜ್ಜೆಯ ಬುರೆ. ಇಳಿಯುವುದೇ ಕಷ್ಟ, ಏರುವುದಲ್ಲ. ಧೊಪ್ಪನೆ ಬಿದ್ದರೆ ಶ್ಯಾಂಕ್ ಬೇಗ ಮುರಿಯುತ್ತದೆ, ಮಂಡಿಯ ಕೆಳಗಿನ ಮುಂಮೂಳೆಯೂ ನೋಯುತ್ತದೆ.

ಅರೆಮಂಡಿ ವಿಷಯ. ಎರಡರಲ್ಲೂ ಕಾಲು ಹೊರಕ್ಕೆ ತಿರುಗಬೇಕಾದ್ದು ತೊಡೆಯ ಸಂದಿನಿಂದ, ಆ ಮಟ್ಟಿಗೆ ಬಂಧುಗಳೇ. ಮಂಡಿಚಿಪ್ಪು ಎರಡನೇ ಬೆರಳಿನ ನೇರಕ್ಕೆ ಇದೆಯೋ ನೋಡಿ. ಪಾದ ಮಾತ್ರ ಹೊರಗೆ ತಿರುಗಿ ಮಂಡಿ ಮುಂದಕ್ಕೇ ನೋಡುತ್ತಿದ್ದರೆ ಕಮಾನು ಕುಸಿದು ಹರಡಿನ ಒಳಗಿನ ಗಿಣ್ಣು ನೆಲದತ್ತ ವಾಲುತ್ತದೆ. ಈ ದೋಷವನ್ನು ನೀವೇ ಹಿಡಿಯಬಲ್ಲಿರಿ. ನಿಮ್ಮಲ್ಲಿ ಇದ್ದರೆ ಬ್ಯಾಲೆಯಲ್ಲೂ ಇರುತ್ತದೆ.

ಆದರೆ ಅರ್ಧ ದಾರಿ ಅನ್ನಲಾರೆ. ಅರೆಮಂಡಿ ಒಂದು ನೆಲೆ, ಅಲ್ಲೇ ಕೂತು ಅಡವು (ಮೂಲ ಹೆಜ್ಜೆಗಳು) ನಡೆಯುತ್ತದೆ. ನೋಡಲು ಅದರಂತೆಯೇ ಇರುವ ಡೆಮಿ ಪ್ಲಿಯೆ (ಬ್ಯಾಲೆಯಲ್ಲಿ ಮಂಡಿಯನ್ನು ಅರ್ಧ ಬಗ್ಗಿಸುವುದು) ಬರೀ ದಾರಿ. ಅದರ ಮೂಲಕ ಹಾಯ್ದು ಜಿಗಿತಕ್ಕೋ ಸುತ್ತಿಗೋ ಹೋಗಬೇಕು, ತಳದಲ್ಲಿ ನಿಂತುಬಿಟ್ಟರೆ ಸ್ಪ್ರಿಂಗ್ ಸತ್ತಿತು. ಅರೆಮಂಡಿಯವರ ತೊಡೆ ಗಟ್ಟಿ, ಆದರೆ ಮಂಡಿಯನ್ನು ಕಡೆಯ ಎಳೆಯವರೆಗೆ ನೆಟ್ಟಗೆ ಎಳೆದು ಹಿಡಿಯುವ ಅಭ್ಯಾಸ ಕಡಿಮೆ. ನಾಟ್ಟಡವಿನಲ್ಲಿ ಹಿಮ್ಮಡಿ ಊರಿ ಬೆರಳು ಮೇಲೆತ್ತುತ್ತೀರಿ, ಬ್ಯಾಲೆಯ ತಾಂಡ್ಯುನಲ್ಲಿ (ಕಾಲನ್ನು ನೆಲದ ಮೇಲೆ ಜಾರಿಸಿ ಚಾಚುವುದು) ಹಿಮ್ಮಡಿ ನೆಲ ಬಿಟ್ಟ ಕ್ಷಣದಿಂದ ಬೆರಳು ಕೆಳಕ್ಕೇ ಚಾಚಬೇಕು. ಕುದಿತ್ತಮೆಟ್ಟು ಅಡವಿನಲ್ಲಿ ಮುಂಗಾಲಲ್ಲಿ ಇಳಿದು ಹಿಮ್ಮಡಿಯನ್ನು ತಟ್ಟಿ ತಾಳ ಹೇಳಬೇಕು, ಇಲ್ಲಿ ಅದೇ ಹಿಮ್ಮಡಿ ಸದ್ದಿಲ್ಲದೆ ಕೂರಬೇಕು. ಎರಡನ್ನೂ ಕಲಿಯುವ ಮಕ್ಕಳು ಸುಸ್ತಾದಾಗ ಎಡವುವುದು ಈ ಜಾಗದಲ್ಲೇ, ಒಂದರ ಇಳಿತ ಇನ್ನೊಂದಕ್ಕೆ ನುಗ್ಗುತ್ತದೆ. ಮುಂದೆ ಪಾಯಿಂಟ್ ಶುರುವಾದರೆ ಅದೇ ಸಂಜೆ ಜೋರು ತಟ್ಟಡವಿನ ಅಭ್ಯಾಸ ಬೇಡ. ಲಾಭವೂ ಇದೆ. ತಾಳಜ್ಞಾನ, ಮೈ ಕುಪ್ಪಳಿಸದಂತೆ ಹಿಡಿಯುವುದು, ಉದ್ದದ ಜತಿ ನೆನಪಿಡುವುದು, ಇವೆಲ್ಲ ಎರಡು ವರ್ಷದ ಬ್ಯಾಲೆ ಮಕ್ಕಳಲ್ಲಿ ಸಿಗುವುದಿಲ್ಲ.

ಇನ್ನು ನೀವು ಕೇಳಿದ 32 ಸುತ್ತು, ಅದರ ಹೆಸರು ಫುಎಟೆ. ಗಮನಿಸಿ ನೋಡಿದರೆ ಅದು ಎಡೆಬಿಡದ ಸುತ್ತಲ್ಲ. ಪ್ರತಿ ಸುತ್ತಿನಲ್ಲೂ ಒಂದು ಗಳಿಗೆ ನರ್ತಕಿ ಹಿಮ್ಮಡಿ ಇಳಿಸಿ, ಪ್ಲಿಯೆಯಲ್ಲಿ ನಮ್ಮ ಕಡೆ ಮುಖ ಮಾಡಿರುತ್ತಾಳೆ. ಆಗ ಎತ್ತಿದ ಕಾಲು ಮುಂದಿನಿಂದ ಪಕ್ಕಕ್ಕೆ ಬೀಸುತ್ತಿರುತ್ತದೆ (ರಷ್ಯದ ರೀತಿಯಲ್ಲಿ ನೇರ ಪಕ್ಕಕ್ಕೇ). ಮೈ ನಿಂತಂತೆ ಕಂಡರೂ ತಿರುಗುವ ವೇಗವೆಲ್ಲ ಆ ಕಾಲಿನಲ್ಲಿ ಕೂಡಿಕೊಂಡಿರುತ್ತದೆ. ಕಾಲನ್ನು ಮಂಡಿಗೆ ಎಳೆದುಕೊಂಡ ಕೂಡಲೇ ಅದು ಇಡೀ ಮೈಗೆ ಹರಿದು ಸುತ್ತಿಸುತ್ತದೆ. ತಲೆ ಕಡೆಯಲ್ಲಿ ಹೊರಟು ಮೊದಲು ತಲುಪುತ್ತದೆ, ಕಣ್ಣು ಒಂದೇ ಬಿಂದುವಿನಲ್ಲಿ. ಜಾಗ ಬಿಟ್ಟು ಜರುಗುವುದಕ್ಕೆ ಸಾಮಾನ್ಯ ಕಾರಣ ಮೂರು: ಬೀಸುವ ಕಾಲಿನ ಜೊತೆ ಸೊಂಟವೂ ಹೊರಟುಹೋಗುವುದು, ರೆಲವೆ ಏರುವಾಗ ಬೆರಳು ಮೈಯ ನೇರ ಅಡಿಗೆ ಬಾರದಿರುವುದು, ಕೈಗಳು ತಡವಾಗಿ ಮುಚ್ಚುವುದು. ಸ್ವಲ್ಪ ಸ್ವಲ್ಪವೇ ಪ್ರೇಕ್ಷಕರ ಕಡೆ ಬರುತ್ತಿದ್ದರೆ ಸಾಮಾನ್ಯವಾಗಿ ಎರಡನೆಯದು. 20 ದಾಟಿದ ಮೇಲೆ ಎತ್ತಿದ ಕಾಲಿನ ಎತ್ತರ ನೋಡಿ. ದಣಿವು ಮೊದಲು ಕಾಣುವುದು ಅಲ್ಲಿ.

ಹಳೇ_ಪರದೆ

ಮರದ ತುಂಡಿನ ಕತೆಗೆ ಇತಿಹಾಸದಿಂದಲೂ ಉತ್ತರ ಇದೆ. 1832ರಲ್ಲಿ ಪ್ಯಾರಿಸ್ಸಿನಲ್ಲಿ ನರ್ತಕಿ ಮಾರಿ ಟಾಲ್ಯೋನಿ ‘ಲಾ ಸಿಲ್ಫೀಡ್’ ಬ್ಯಾಲೆ ಕುಣಿದಾಗ ಕಾಲಲ್ಲಿದ್ದದ್ದು ಮೆತ್ತನೆಯ ಸ್ಯಾಟಿನ್ ಚಪ್ಪಲಿ, ತುದಿಗೂ ಬದಿಗೂ ದಾರದಿಂದ ರಫು ಹೊಲಿಗೆ ಹಾಕಿದ್ದು. ಬಾಕ್ಸ್ ಇಲ್ಲ, ಶ್ಯಾಂಕ್ ಇಲ್ಲ. ಹಾಗಾಗಿ ಆಕೆ ತುದಿಗಾಲಲ್ಲಿ ನಿಂತದ್ದು ಗಳಿಗೆ ಮಾತ್ರ, ನೆಲ ಸೋಕಿ ಹಾರಿದಂತೆ. ಗಾಳಿಯ ಕನ್ನಿಕೆಯ ಪಾತ್ರಕ್ಕೆ ಅಷ್ಟೇ ಬೇಕಿತ್ತು. (ರಷ್ಯದ ಅಭಿಮಾನಿಗಳು ಆಕೆಯ ಒಂದು ಜೊತೆ ಕೊಂಡು ಬೇಯಿಸಿ ಸಾಸ್ ಹಾಕಿ ತಿಂದರೆಂದು ದಂತಕತೆ.) ಶೂ ಗಟ್ಟಿಯಾದದ್ದು ಇಟಲಿಯಲ್ಲಿ, 19ನೇ ಶತಮಾನದ ಕೊನೆಗೆ. ಮಿಲಾನಿನಲ್ಲಿ ಕಲಿತ ಪಿಯರೀನಾ ಲೆನ್ಯಾನಿ ಪೀಟರ್ಸ್‌ಬರ್ಗಿನಲ್ಲಿ 1893ರಲ್ಲಿ ‘ಸಿಂಡ್ರೆಲ್ಲಾ’ದಲ್ಲಿ 32 ಫುಎಟೆ ಸುತ್ತಿದಳು, 1895ರ ‘ಸ್ವಾನ್ ಲೇಕ್’ಗೂ ಅದನ್ನೇ ತಂದಳು. ಎಲ್ಲರೂ ನೆನೆಯುವ ‘ಸ್ವಾನ್ ಲೇಕ್’ ಇದು, ನೃತ್ಯ ಸಂಯೋಜಕರಾದ ಪೆತಿಪಾ ಮತ್ತು ಇವಾನೊವ್ ಕಟ್ಟಿದ್ದು. 1877ರಲ್ಲಿ ಮಾಸ್ಕೊದಲ್ಲಿ ಮೊದಲು ಬಂದದ್ದು ಬೇರೆಯದೇ ನೃತ್ಯ. ಆ 32 ಸುತ್ತನ್ನು ಕರಗತ ಮಾಡಿಕೊಂಡ ಮೊದಲ ರಷ್ಯನ್ ನರ್ತಕಿ ಕ್ಷೆಸಿನ್‌ಸ್ಕಾಯಾ.

ನನಗೆ ಕೇಳಿದರೆ ಪೆತಿಪಾನ ಸೊಬಗು 32 ಸುತ್ತಿನಲ್ಲಿಲ್ಲ, 1877ರ ‘ಲಾ ಬಯಾದೇರ್’ನ ಛಾಯೆಗಳ ದೃಶ್ಯದಲ್ಲಿದೆ. ಇಳಿಜಾರಿನ ಮೇಲಿಂದ ಒಬ್ಬೊಬ್ಬಳೇ ಬಿಳಿಯುಡುಗೆಯ ನರ್ತಕಿ ಒಂದು ಅರಬೆಸ್ಕ್ (ಒಂಟಿಕಾಲಲ್ಲಿ ನಿಂತು ಇನ್ನೊಂದನ್ನು ಹಿಂದಕ್ಕೆ ಚಾಚುವ ಭಂಗಿ), ಹಿಂದಕ್ಕೆ ಬಾಗು, ಎರಡು ಹೆಜ್ಜೆ, ಮತ್ತೆ ಅದೇ. ಹೀಗೆ 24 ಅಥವಾ 32 ಜನ ಬಂದು ವೇದಿಕೆ ತುಂಬುವ ತನಕ. ಚಮತ್ಕಾರ ಒಂದೂ ಇಲ್ಲ. ಮೊದಲು ಇಳಿದವಳು ಅದೇ ಅರಬೆಸ್ಕನ್ನು ಹತ್ತಾರು ಸಲ ಮಾಡಿರುತ್ತಾಳೆ, ಅದೂ ಇಳಿಜಾರಿನಲ್ಲಿ, ಒಂದೇ ಎತ್ತರಕ್ಕೆ. ಒಬ್ಬಳ ಹರಡು ನಡುಗಿದರೆ ಇಡೀ ಸಾಲು ಕೆಡುತ್ತದೆ.

‘ಲಾ ಬಯಾದೇರ್’ ಕತೆ ನಡೆಯುವುದು ಭಾರತದಲ್ಲಿ, ನಾಯಕಿ ದೇವಾಲಯದ ನರ್ತಕಿ. ಆದರೆ ಹೆಜ್ಜೆಯಲ್ಲಿ ನಮ್ಮದು ಏನೂ ಇಲ್ಲ, ಹುಡುಕಬೇಡಿ. 1838ರಲ್ಲಿ ಪುದುಚೇರಿ ಕಡೆಯ ದೇವದಾಸಿಯರ ತಂಡ ಪ್ಯಾರಿಸ್ಸಿಗೆ ಹೋಗಿ ನಿಜವಾದ ದಾಸಿಯಾಟ್ಟವನ್ನೇ ತೋರಿಸಿತ್ತು, ‘ಜಿಸೆಲ್’ ಬ್ಯಾಲೆಯ ಕತೆ ಬರೆದ ಗೋತಿಯೆ ಅದನ್ನು ಕಂಡು ಬೆರಗಾಗಿ ಬರೆದಿದ್ದ. ಅಷ್ಟಾದರೂ ಬ್ಯಾಲೆ ತನ್ನ ಕಲ್ಪನೆಯ ಭಾರತವನ್ನೇ ಇಟ್ಟುಕೊಂಡಿತು.

ಎದುರು ದಿಕ್ಕಿನ ಪ್ರಭಾವ ಹೆಚ್ಚು ಗಟ್ಟಿ. ರಷ್ಯದ ಬ್ಯಾಲೆ ತಾರೆ ಆನ್ನಾ ಪಾವ್ಲೋವಾ 1923ರಲ್ಲಿ ಲಂಡನ್ನಿನಲ್ಲಿ ಉದಯಶಂಕರ್ ಜೊತೆ ರಾಧಾಕೃಷ್ಣರ ನೃತ್ಯ ಕುಣಿದಳು. ರುಕ್ಮಿಣಿ ದೇವಿ ಪಾವ್ಲೋವಾ ತಂಡದ ಕ್ಲಿಯೊ ನೋರ್ಡಿ ಬಳಿ ಬ್ಯಾಲೆ ಕಲಿತರು. ನಮ್ಮದೇ ನೃತ್ಯದ ಕಡೆ ನೋಡು ಎಂದು ಹುರಿದುಂಬಿಸಿದವಳೂ ಪಾವ್ಲೋವಾಳೇ. ರುಕ್ಮಿಣಿ ದೇವಿ ಕಟ್ಟಿದ ಕಲಾಕ್ಷೇತ್ರ 1936ರದು. ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ನರ್ತಕ ರಾಮ್ ಗೋಪಾಲ್ ಅವರು 1960ರಲ್ಲಿ ಬ್ಯಾಲೆ ತಾರೆ ಅಲೀಷಿಯಾ ಮಾರ್ಕೋವಾ ಜೊತೆ ಕುಣಿದದ್ದನ್ನು ಇಲ್ಲಿ ಯಾರೂ ಹೇಳಲಿಲ್ಲವಲ್ಲ!

ಸೂಜಿ_ದಾರ

ಮುಂದೆ ಶೂ ಬಂದಾಗ ಬೇಕಾಗುತ್ತದೆ ಅಂತ ಬರೆದಿಡುತ್ತೇನೆ. ರಿಬ್ಬನ್ ಹೊಲಿದೇ ಬರುವುದಿಲ್ಲ, ಮನೆಯಲ್ಲಿ ಹೊಲಿಯಬೇಕು. ಜೊತೆಗೆ ಎರಡರಿಂದ ಎರಡೂವರೆ ಮೀಟರ್, ನಾಲ್ಕು ಸಮ ತುಂಡು, ಅಗಲ ಎರಡು ಸೆಂಟಿಮೀಟರಿಗಿಂತ ಚೂರು ಹೆಚ್ಚು. ತುದಿಯನ್ನು ಕಡ್ಡಿ ಗೀರಿ ಸುಟ್ಟರೆ ಎಳೆ ಬಿಡುವುದಿಲ್ಲ. ಹಿಮ್ಮಡಿಯನ್ನು ಶೂನೊಳಕ್ಕೆ ಚಪ್ಪಟೆಯಾಗಿ ಮಡಚಿ; ಮಡಿಕೆ ಬದಿಯನ್ನು ಮುಟ್ಟುವ ಕಡೆ ರಿಬ್ಬನ್, ಕೊಂಚ ಮುಂದಕ್ಕೆ ವಾಲಿಸಿ. ಒಳಗಿನ ಹತ್ತಿ ಬಟ್ಟೆಗೆ ಮಾತ್ರ ಹೊಲಿಗೆ. ಅಂಚಿನೊಳಗೆ ಓಡುವ ಲಾಡಿಯನ್ನು ಸೂಜಿ ಚುಚ್ಚಿದರೆ ಅದು ಮತ್ತೆ ಬಿಗಿಯಾಗುವುದಿಲ್ಲ, ಬಿಚ್ಚಿ ಹೊಲಿಯಬೇಕು. ಹಲ್ಲಿನ ಸಂದಿಗೆ ಬಳಸುವ ಫ್ಲಾಸ್ ದಾರ ಹೊಲಿಗೆ ದಾರಕ್ಕಿಂತ ಬಾಳಿಕೆ.

ಕಟ್ಟುವಾಗ ಪಾದ ನೆಲದ ಮೇಲೆ ಚಪ್ಪಟೆ ಇರಲಿ, ಮಂಡಿ ಸ್ವಲ್ಪ ಬಾಗಿರಲಿ. ಪಾದ ಚಾಚಿ ಕಟ್ಟಿದರೆ ಪ್ಲಿಯೆಯಲ್ಲಿ ರಿಬ್ಬನ್ ಹಿಮ್ಮಡಿ ನರವನ್ನು ಕೊಯ್ಯುತ್ತದೆ. ಗಂಟು ಒಳಬದಿಯ ಗಿಣ್ಣಿಗೂ ಹಿಮ್ಮಡಿ ನರಕ್ಕೂ ನಡುವಿನ ಗುಳಿಯಲ್ಲಿ, ತುದಿ ಒಳಗೆ ಸಿಕ್ಕಿಸಿ.

ನಮ್ಮ ಮಳೆಗಾಲ ಈ ಶೂಗೆ ಶತ್ರು. ಬೆವರಿನ ಶೂವನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಟ್ಟರೆ ಮರುದಿನ ಬಾಕ್ಸ್ ನೆನೆದ ರಟ್ಟು. ಒಳಗಿನ ಪ್ಯಾಡ್ ತೆಗೆದು ಫ್ಯಾನ್ ಕೆಳಗೆ ತೂಗುಹಾಕಿ, ಒಂದು ದಿನವಾದರೂ ಒಣಗಲಿ. ಮೆತ್ತಗಾದ ತುದಿಗೆ ಫೆವಿಕ್ವಿಕ್ ಜಾತಿಯ ಅಂಟನ್ನು ಒಳಗಡೆ ಕೆಲವು ಹನಿ ಬಿಡುವವರಿದ್ದಾರೆ. ಶೂ ಕಾಲಲ್ಲಿ ಇರುವಾಗ ಖಂಡಿತ ಬೇಡ, ಸುಡುತ್ತದೆ. ಮರದ ನೆಲ ಜಾರಿದರೆ ಚೂರು ರಾಳದ ಪುಡಿ, ವಿನೈಲ್ ಹಾಸಿದ್ದರೆ ರಾಳ ಬೇಡ, ಮುದ್ದೆ ಕಟ್ಟುತ್ತದೆ. ಕಾಂಕ್ರೀಟ್ ಮೇಲಿನ ಟೈಲ್ಸ್, ಗ್ರಾನೈಟ್ ಎರಡೂ ಬೇಡವೇ ಬೇಡ: ಜಾರುತ್ತವೆ, ಕೊಂಚವೂ ಬಗ್ಗುವುದಿಲ್ಲ.

ಬಣ್ಣದ ಮಾತು: ಗುಲಾಬಿ ಸ್ಯಾಟಿನ್ ಬಿಳಿಯರ ಮೈಬಣ್ಣಕ್ಕೆ ಹೊಂದಿಸಿ ಬಂದದ್ದು, ಕಾಲಿನ ಗೆರೆ ಮುಂದುವರಿದಂತೆ ಕಾಣಲಿ ಅಂತ. ಕಂದು ಕಾಲಿನವರು ಫೌಂಡೇಶನ್ ಬಳಿದು ಬಣ್ಣ ಹೊಂದಿಸಿಕೊಳ್ಳಬೇಕಿತ್ತು. 2018ರಲ್ಲಿ ಬ್ಯಾಲೆ ಬ್ಲ್ಯಾಕ್ ತಂಡದ ಜೊತೆ ಸೇರಿ ಫ್ರೀಡ್ ಕಂದು ಶೂ ತಂದಿತು. ಆಗಲೇ ಆ ಕಂಪನಿಗೆ 89 ವರ್ಷ.

ನಟ್ಟುವಾಂಗ

ಎಲ್ಲರಿಗೂ ಧನ್ಯವಾದ. ಆರ್ಡರ್ ನಿಲ್ಲಿಸಲು ಹೇಳಿದ್ದೇನೆ. ವಾರಕ್ಕೆ ಎರಡನೇ ಬ್ಯಾಲೆ ತರಗತಿ ಸೇರಿಸಿದರೆ ನನ್ನ ತರಗತಿ ಒಂದು ದಿನ ಬಿಟ್ಟರೂ ಅಡ್ಡಿಯಿಲ್ಲ ಎಂದೆ. ಅಲ್ಲಿಯವರೆಗೆ ಮನೆಯಲ್ಲಿ ಮಾಡಿಸಬಹುದಾದ್ದು ಏನಾದರೂ ಇದೆಯೇ?

ಮೂಳೆ_ಮಾತು

ಎರಡು ಸಾಕು. ಒಂದು, ಕುರ್ಚಿಯಲ್ಲಿ ಕೂತು ಬರಿಗಾಲು ನೆಲಕ್ಕೂರಿ, ಬೆರಳು ಮಡಚದೆ ಬೆರಳಿನ ಬುಡದ ಗಿಣ್ಣುಗಳನ್ನು ಮಾತ್ರ ಮೇಲೆತ್ತಿ ಪಾದವನ್ನು ಗುಮ್ಮಟ ಮಾಡುವುದು, ಐದು ಸೆಕೆಂಡ್ ಹಿಡಿದು ಹತ್ತು ಸಲ. ಬೆರಳು ಉಗುರಿನಿಂದ ನೆಲ ಕೆರೆದರೆ ಅದು ಬೇರೆ ಸ್ನಾಯು, ಲೆಕ್ಕಕ್ಕಿಲ್ಲ.

ಎರಡು, ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ಪಾದ ಸಮಾಂತರವಾಗಿ, ಎರಡು ಕಾಲಿನ ಹರಡುಗಳ ನಡುವೆ ಒಂದು ಟೆನಿಸ್ ಚೆಂಡು. ಎರಡು ಎಣಿಕೆಗೆ ಮೇಲೆ, ನಾಲ್ಕು ಎಣಿಕೆಗೆ ಕೆಳಗೆ. ಮೇಲೆ ಹೋದಾಗ ಭಾರ ಕಿರುಬೆರಳ ಕಡೆ ಜಾರಿ ಪಾದ ಕುಡುಗೋಲಿನಂತೆ ಬಾಗುವುದೇ ದೊಡ್ಡ ದೋಷ. ಹಾಗಾದ ಕೂಡಲೇ ಹಿಡಿತ ತಪ್ಪಿ ಚೆಂಡು ಉರುಳುತ್ತದೆ. 12ರ ಎರಡು ಸುತ್ತು, ದಿನ ಬಿಟ್ಟು ದಿನ. ಚೆಂಡು ಬಿದ್ದರೆ ಎಣಿಕೆ ಮತ್ತೆ ಒಂದರಿಂದ.